ಮೂರ್ಛೆರೋಗ ಇರುವವರಿಗೆ ಅರಿವಳಿಕೆ: ಯಾವ ಮದ್ದಿಗೆ ಎಚ್ಚರ, ಯಾವುದಕ್ಕೆ ಹೆದರಬೇಕಿಲ್ಲ



ಮನೆಯಲ್ಲಿ ಫಿಟ್ಸ್ ಬರುವವರೊಬ್ಬರಿದ್ದು, ಅವರಿಗೆ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದಾಗ ಎಲ್ಲರ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಮತ್ತು ಬರುವ ಇಂಜೆಕ್ಷನ್ ಕೊಟ್ಟರೆ ಫಿಟ್ಸ್ ಹೆಚ್ಚಾಗುವುದಿಲ್ಲವೇ? ಈ ಹೆದರಿಕೆಯಿಂದ ಹರ್ನಿಯಾ, ಕಣ್ಣಿನ ಪೊರೆ, ಹುಳುಕು ಹಲ್ಲುಗಳ ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡುವವರಿದ್ದಾರೆ. ಇನ್ನು ಕೆಲವರು ಕಾಯಿಲೆಯ ವಿಷಯವನ್ನೇ ಬಾಯಿಬಿಡದೆ ಆಪರೇಷನ್ ಕೋಣೆಗೆ ಹೋಗುತ್ತಾರೆ. ಎರಡರಿಂದಲೂ ತೊಂದರೆಯೇ.

ಈ ಲೇಖನದ ಸಾರವನ್ನು ಮೊದಲೇ ಹೇಳಿಬಿಡುತ್ತೇವೆ. ಇಂದು ಬಳಕೆಯಲ್ಲಿರುವ ಹೆಚ್ಚಿನ ಅರಿವಳಿಕೆ ಮದ್ದುಗಳು ಫಿಟ್ಸ್ ತರಿಸುವುದಕ್ಕಿಂತ ಅದನ್ನು ಅಡಗಿಸುವಂಥವು. ಎಚ್ಚರ ಬೇಕಾದ ಕೆಲವೇ ಮದ್ದುಗಳಿವೆ, ಅವು ಯಾವುವು ಎಂದು ಅರಿವಳಿಕೆ ತಜ್ಞರಿಗೆ ಗೊತ್ತಿದೆ. ಆಪರೇಷನ್ನಿನ ಹೊತ್ತಿನಲ್ಲಿ ಫಿಟ್ಸ್ ಬರಲು ಹೆಚ್ಚಾಗಿ ಕಾರಣವಾಗುವುದು ತಪ್ಪಿಸಿದ ಮಾತ್ರೆ, ಕೆಟ್ಟ ನಿದ್ದೆ ಮತ್ತು ಮುಚ್ಚಿಟ್ಟ ಮಾಹಿತಿ. ಈ ಮೂರೂ ನಮ್ಮ ಕೈಯಲ್ಲಿರುವ ಸಂಗತಿಗಳು.

ಇದು ತಿಳಿವಳಿಕೆಗಾಗಿ ಬರೆದ ಲೇಖನ. ಇದನ್ನು ಓದಿ ಯಾರೂ ತಮ್ಮಷ್ಟಕ್ಕೆ ಮಾತ್ರೆ ಬದಲಿಸಬಾರದು, ನಿಲ್ಲಿಸಬಾರದು. ಡಾಕ್ಟರ ಹತ್ತಿರ ಏನು ಹೇಳಬೇಕು, ಏನು ಕೇಳಬೇಕು ಎಂದು ತಿಳಿದುಕೊಳ್ಳಲು ಇದನ್ನು ಬಳಸಿ.

ಫಿಟ್ಸ್ ಮತ್ತು ಅರಿವಳಿಕೆ: ಎರಡರ ನಂಟು

ಮೆದುಳಿನ ನರಕೋಶಗಳು ಒಂದಕ್ಕೊಂದು ವಿದ್ಯುತ್ ಸಂಜ್ಞೆ ಕಳಿಸುತ್ತಲೇ ಇರುತ್ತವೆ. ಕೆಲವು ಸಂಜ್ಞೆಗಳು ಉದ್ರೇಕಿಸುತ್ತವೆ, ಕೆಲವು ತಡೆ ಹಾಕುತ್ತವೆ. ತಡೆ ಸಡಿಲಗೊಂಡು ಬಹಳಷ್ಟು ಕೋಶಗಳು ಒಟ್ಟಿಗೇ ಉದ್ರೇಕಗೊಂಡರೆ ಅದೇ ಫಿಟ್ಸ್. ಕೈಕಾಲು ಸೆಟೆದು ಬೀಳುವುದು ಮಾತ್ರ ಫಿಟ್ಸ್ ಅಲ್ಲ. ಕೆಲವು ಸೆಕೆಂಡು ಕಣ್ಣು ನಿಂತು ಶೂನ್ಯವಾಗಿ ನೋಡುವುದು, ತುಟಿ ಚಪ್ಪರಿಸುವುದು, ಒಂದು ಕೈ ಮಾತ್ರ ತನ್ನಷ್ಟಕ್ಕೆ ಅದುರುವುದು ಇವೂ ಫಿಟ್ಸ್ ಆಗಿರಬಹುದು.

ಮೆದುಳಿನಲ್ಲಿ ತಡೆ ಹಾಕುವ ಮುಖ್ಯ ರಾಸಾಯನಿಕದ ಹೆಸರು ಗಾಬಾ. ಪ್ರೊಪೊಫಾಲ್, ಥಯೋಪೆಂಟಾಲ್, ಮಿಡಜೊಲಾಮ್, ಐಸೋಫ್ಲುರೇನ್ ಮುಂತಾದ ಅರಿವಳಿಕೆ ಮದ್ದುಗಳು ಈ ಗಾಬಾದ ತಡೆಯನ್ನು ಬಲಪಡಿಸುತ್ತವೆ. ಫಿಟ್ಸಿಗೆ ಕೊಡುವ ಗಾರ್ಡೆನಾಲ್, ಫ್ರಿಸಿಯಮ್ ಮಾತ್ರೆಗಳೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ. ಆದ್ದರಿಂದಲೇ ಯಾವ ಮಾತ್ರೆಗೂ ಬಗ್ಗದೆ ಫಿಟ್ಸ್ ನಿಲ್ಲದಿರುವವರಿಗೆ ಐಸಿಯುನಲ್ಲಿ ಕೊನೆಗೆ ಕೊಡುವುದು ಈ ಅರಿವಳಿಕೆ ಮದ್ದುಗಳನ್ನೇ.

ಇದರ ತಿರುವುಮುರುವನ್ನು ನಮ್ಮ ಕಾಸರಗೋಡಿನ ಸದಸ್ಯರು ಕಣ್ಣಾರೆ ಕಂಡಿದ್ದಾರೆ. ಅಲ್ಲಿಯ ಗೋಡಂಬಿ ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಗಾಬಾದ ತಡೆಯನ್ನು ಕಡಿದುಹಾಕುವ ವಿಷ. ಅದು ನೇರವಾಗಿ ದೇಹ ಸೇರಿದರೆ ಫಿಟ್ಸ್ ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ದೇಶದಾದ್ಯಂತ ತಡೆ ಹಾಕಿತು. ಎಣ್ಮಕಜೆ ಸುತ್ತಿನ ಹಳ್ಳಿಗಳಲ್ಲಿ ನರಸಂಬಂಧಿ ತೊಂದರೆಯಿರುವ, ಫಿಟ್ಸ್ ಇರುವ ಮಕ್ಕಳು ಈಗ ಯುವಕ ಯುವತಿಯರಾಗಿದ್ದಾರೆ. ಅವರಿಗೆ ಹಲ್ಲಿನ ಚಿಕಿತ್ಸೆ, ಎಂಆರ್‌ಐ, ಮೂಳೆ ಆಪರೇಷನ್ ಎಂದು ಅರಿವಳಿಕೆ ಬೇಕಾಗುತ್ತದೆ. ಅವರ ತಾಯಂದಿರು ಕೇಳುವ ಪ್ರಶ್ನೆಗೂ ಈ ಲೇಖನದಲ್ಲಿ ಉತ್ತರವಿದೆ.

ಅಪಾಯ ಎಷ್ಟು?

ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಮೊದಲೇ ಫಿಟ್ಸ್ ಕಾಯಿಲೆ ಇದ್ದು, ಅರಿವಳಿಕೆ ಪಡೆದು ಆಸ್ಪತ್ರೆಯಲ್ಲಿ ಉಳಿದ 641 ಜನರ ದಾಖಲೆಗಳನ್ನು ಅವರು ನೋಡಿದರು. ಆಪರೇಷನ್ ಸುತ್ತಿನ ದಿನಗಳಲ್ಲಿ ಫಿಟ್ಸ್ ಬಂದದ್ದು 22 ಜನರಿಗೆ, ಅಂದರೆ ನೂರಕ್ಕೆ 3.4ರಷ್ಟು. ಯಾರಿಗೆ ಬಂತು ಎಂದು ನೋಡಿದಾಗ, ಮೊದಲಿನಿಂದಲೂ ಪದೇಪದೇ ಫಿಟ್ಸ್ ಬರುತ್ತಿದ್ದವರಿಗೆ, ಇತ್ತೀಚೆಗಷ್ಟೇ ಬಂದಿದ್ದವರಿಗೆ, ಒಂದಕ್ಕಿಂತ ಹೆಚ್ಚು ಬಗೆಯ ಮಾತ್ರೆ ನುಂಗುತ್ತಿದ್ದವರಿಗೆ ಹೆಚ್ಚು ಬಂದಿತ್ತು. ಯಾವ ಆಪರೇಷನ್, ಯಾವ ಬಗೆಯ ಅರಿವಳಿಕೆ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥ ಸರಳ. ಕಾಯಿಲೆ ಹತೋಟಿಯಲ್ಲಿದ್ದರೆ ಅಪಾಯ ಕಡಿಮೆ, ಹತೋಟಿ ತಪ್ಪಿದ್ದರೆ ಹೆಚ್ಚು. ಹೀಗಾಗಿ ತುರ್ತಿಲ್ಲದ ಆಪರೇಷನ್ ಆಗಿದ್ದು, ಇತ್ತೀಚೆಗೆ ಫಿಟ್ಸ್ ಹೆಚ್ಚಾಗಿದ್ದರೆ, ಮೊದಲು ನರರೋಗ ತಜ್ಞರನ್ನು ಕಂಡು ಮಾತ್ರೆ ಸರಿಪಡಿಸಿಕೊಂಡು ಆಮೇಲೆ ದಿನ ಗೊತ್ತು ಮಾಡುವುದು ಮೇಲು.

ಮದ್ದುಗಳು ಒಂದೊಂದಾಗಿ

ಪ್ರೊಪೊಫಾಲ್: ಹಾಲಿನಂತೆ ಬೆಳ್ಳಗಿರುವ, ನರಕ್ಕೆ ಕೊಡುವ ಮದ್ದು. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಫಿಟ್ಸನ್ನು ಚೆನ್ನಾಗಿ ಅಡಗಿಸುತ್ತದೆ. ಮತ್ತು ಏರುವಾಗ ಅಥವಾ ಇಳಿಯುವಾಗ ಕೆಲವರಲ್ಲಿ ಕೈಕಾಲು ಜಿಗಿದಂತೆ ಅದುರುತ್ತದೆ. ಇದು ಹೆಚ್ಚಿನ ವೇಳೆ ಫಿಟ್ಸ್ ಅಲ್ಲ.

ಥಯೋಪೆಂಟಾಲ್: ಹಳೆಯ ಮದ್ದು, ಗಾರ್ಡೆನಾಲ್ ಕುಟುಂಬಕ್ಕೆ ಸೇರಿದ್ದು. ಇದೂ ಫಿಟ್ಸ್ ನಿಲ್ಲಿಸುವಂಥದ್ದು. ಇದೇ ಕುಟುಂಬದ ಮೆಥೊಹೆಕ್ಸಿಟಾಲ್ ಮಾತ್ರ ಬೇರೆ ಸ್ವಭಾವದ್ದು. ಕಡಿಮೆ ಪ್ರಮಾಣದಲ್ಲಿ ಅದು ಫಿಟ್ಸಿನ ಮೂಲವನ್ನು ಕೆರಳಿಸುತ್ತದೆ.

ಮಿಡಜೊಲಾಮ್, ಲೊರಜೆಪಾಮ್, ಡಯಜೆಪಾಮ್: ಆಪರೇಷನ್ನಿಗೆ ಮುಂಚೆ ಗಾಬರಿ ಇಳಿಸಲು ಕೊಡುವ ಇವು ಫಿಟ್ಸ್ ನಿಲ್ಲಿಸಲು ಮೊದಲು ಕೊಡುವ ಮದ್ದುಗಳೂ ಹೌದು. ಇವುಗಳ ಮಂಪರು ಇಳಿಸಲು ಫ್ಲುಮಜೆನಿಲ್ ಎಂಬ ಪ್ರತಿಮದ್ದಿದೆ. ಫ್ರಿಸಿಯಮ್ ಅಥವಾ ಕ್ಲೊನಜೆಪಾಮ್ ಮಾತ್ರೆಯನ್ನು ಬಹುಕಾಲ ನುಂಗುತ್ತಿರುವವರಿಗೆ ಅದನ್ನು ಕೊಟ್ಟರೆ ಫಿಟ್ಸ್ ಮರುಕಳಿಸಬಹುದು. ಈ ಮಾತ್ರೆಗಳ ಹೆಸರನ್ನು ತಪ್ಪದೆ ಹೇಳಬೇಕು ಎನ್ನುವುದು ಇದಕ್ಕೇ.

ಎಟೊಮಿಡೇಟ್: ಹೃದಯ ದುರ್ಬಲವಾಗಿರುವವರಿಗೆ ಆರಿಸುವ ಮದ್ದು. ಮೈ ಅದುರುವಿಕೆ ಇದರಲ್ಲಿ ಸಾಮಾನ್ಯ. ಕಡಿಮೆ ಪ್ರಮಾಣದಲ್ಲಿ ಫಿಟ್ಸಿನ ಮೂಲವನ್ನು ಕೆರಳಿಸಬಲ್ಲದು. ಬೇರೆ ಆಯ್ಕೆ ಇದ್ದಾಗ ಫಿಟ್ಸ್ ಇರುವವರಿಗೆ ತಜ್ಞರು ಸಾಮಾನ್ಯವಾಗಿ ಅದನ್ನೇ ಆರಿಸುತ್ತಾರೆ.

ಕೆಟಮಿನ್: ಇದು ಫಿಟ್ಸ್ ತರಿಸುತ್ತದೆ ಎಂಬ ಮಾತು ಹಳೆಯ ಪುಸ್ತಕಗಳಲ್ಲಿದೆ. ಕಡಿಮೆ ಪ್ರಮಾಣದಲ್ಲಿ ಕೆರಳಿಸಿದ ವರದಿಗಳು ಇರುವುದು ನಿಜ. ಆದರೆ ಅರಿವಳಿಕೆಯ ಪೂರ್ಣ ಪ್ರಮಾಣದಲ್ಲಿ ಅದು ಫಿಟ್ಸನ್ನು ತಡೆಯುತ್ತದೆ. ಬೇರೆ ಮದ್ದಿಗೆ ಬಗ್ಗದ ಫಿಟ್ಸಿಗೆ ಈಗ ಐಸಿಯುಗಳಲ್ಲಿ ಕೆಟಮಿನ್ ಕೊಡುವುದುಂಟು.

ಉಸಿರಿನ ಮೂಲಕ ಕೊಡುವ ಮದ್ದುಗಳು: ಐಸೋಫ್ಲುರೇನ್, ಡೆಸ್ಫ್ಲುರೇನ್ ಎರಡೂ ಮೆದುಳಿನ ಉದ್ರೇಕವನ್ನು ಇಳಿಸುತ್ತವೆ. ಮಕ್ಕಳಿಗೆ ಮುಖಕ್ಕೆ ಮಾಸ್ಕ್ ಹಿಡಿದು ಕೊಡುವ ಸೆವೊಫ್ಲುರೇನ್ ಸಾಮಾನ್ಯ ಪ್ರಮಾಣದಲ್ಲಿ ಸುರಕ್ಷಿತ. ಅತಿ ಹೆಚ್ಚು ಪ್ರಮಾಣದಲ್ಲಿ, ಅದರಲ್ಲೂ ಮಗು ಜೋರುಜೋರಾಗಿ ಉಸಿರಾಡುವಾಗ, ಇಇಜಿಯಲ್ಲಿ ಫಿಟ್ಸಿನಂಥ ಅಲೆಗಳು ಕಾಣಿಸಬಹುದು. ಆದ್ದರಿಂದ ತಜ್ಞರು ಪ್ರಮಾಣವನ್ನು ಬೇಗ ಇಳಿಸುತ್ತಾರೆ, ಅಥವಾ ನರ ಸಿಕ್ಕ ಕೂಡಲೇ ಪ್ರೊಪೊಫಾಲ್‌ಗೆ ಬದಲಾಯಿಸುತ್ತಾರೆ. ಈ ಬಗೆಯ ಮದ್ದುಗಳಿಗೆ ಕೆಟ್ಟ ಹೆಸರು ತಂದದ್ದು ಎನ್‌ಫ್ಲುರೇನ್. ಹಿಂದೆ ಬಳಕೆಯಲ್ಲಿದ್ದ ಅದು ಈಗ ಹೆಚ್ಚುಕಡಿಮೆ ಮೂಲೆ ಸೇರಿದೆ. ಹಳಬರು ಹೇಳುವ ಭಯದ ಕಥೆಗಳಲ್ಲಿ ಕೆಲವಕ್ಕೆ ಅದೇ ಮೂಲವಿರಬಹುದು.

ಸ್ನಾಯು ಸಡಿಲಿಸುವ ಮದ್ದುಗಳು: ಇವು ಮೈ ಅಲ್ಲಾಡದಂತೆ ಮಾಡುತ್ತವೆಯೇ ಹೊರತು ಮೆದುಳಿನೊಳಗಿನ ಫಿಟ್ಸನ್ನು ನಿಲ್ಲಿಸುವುದಿಲ್ಲ. ಹೊರಗೆ ಅದುರು ಕಾಣದಿದ್ದರೂ ಒಳಗೆ ಫಿಟ್ಸ್ ನಡೆಯುತ್ತಿರಬಹುದು. ಕಾಯಿಲೆ ಇದೆ ಎಂದು ಗೊತ್ತಿದ್ದ ತಜ್ಞರು ಮಾತ್ರ ನಾಡಿಬಡಿತ, ರಕ್ತದೊತ್ತಡ ಒಮ್ಮೆಲೇ ಏರಿದಾಗ ಅದನ್ನು ಅನುಮಾನಿಸುತ್ತಾರೆ.

ಬೆನ್ನಿನ ಇಂಜೆಕ್ಷನ್, ಹಲ್ಲಿನ ಇಂಜೆಕ್ಷನ್

ಫಿಟ್ಸ್ ಇರುವವರಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಬಾರದು ಎಂಬ ನಂಬಿಕೆ ಹಲವು ಕಡೆ ಇದೆ. ಅದು ಸರಿಯಲ್ಲ. ಸ್ಪೈನಲ್‌ಗೆ ಸಾಮಾನ್ಯವಾಗಿ ಬೇಕಾಗುವ ಬುಪಿವಕೇನ್ 2ರಿಂದ 3 ಮಿ.ಲೀ., ಅಂದರೆ 10ರಿಂದ 15 ಮಿ.ಗ್ರಾಂ ಮಾತ್ರ. ರಕ್ತಕ್ಕೆ ಸೇರುವ ಅಂಶ ತೀರಾ ಅಲ್ಪ. ಮತ್ತಿನ ಮದ್ದುಗಳನ್ನು ಕಡಿಮೆ ಮಾಡಬಹುದಾದ್ದರಿಂದ ಅನೇಕರಿಗೆ ಇದು ಒಳ್ಳೆಯ ಆಯ್ಕೆಯೂ ಹೌದು.

ಮರಗಟ್ಟಿಸುವ ಮದ್ದುಗಳಿಂದ ಫಿಟ್ಸ್ ಬರುವುದು ಯಾವಾಗ? ಪ್ರಮಾಣ ಮೀರಿದಾಗ, ಅಥವಾ ಸೂಜಿ ತಪ್ಪಿ ರಕ್ತನಾಳದೊಳಕ್ಕೆ ಹೋದಾಗ. ಆಗ ಹಿಂದೆಂದೂ ಫಿಟ್ಸ್ ಬಾರದವರಿಗೂ ಬರಬಹುದು. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮಾತು ತೊದಲುವುದು ಇದರ ಮುನ್ಸೂಚನೆ. ಹೀಗಾದರೆ ಸುಮ್ಮನಿರದೆ ಆ ಕ್ಷಣವೇ ಹೇಳಬೇಕು. ಇದಕ್ಕೆ ಕೊಡುವ ಚಿಕಿತ್ಸೆಗಳಲ್ಲಿ ಶೇ. 20ರ ಲಿಪಿಡ್ ಎಮಲ್ಷನ್ ಎಂಬ ಕೊಬ್ಬಿನ ಡ್ರಿಪ್ ಮುಖ್ಯವಾದದ್ದು.

ವೈದ್ಯರು ಸಾಮಾನ್ಯವಾಗಿ ಪಾಲಿಸುವ ಮಿತಿಯೆಂದರೆ ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ದೇಹತೂಕದ ಕಿಲೋ ಒಂದಕ್ಕೆ ಸುಮಾರು 3 ಮಿ.ಗ್ರಾಂ, ಅಡ್ರಿನಲಿನ್ ಸೇರಿದ್ದರೆ ಸುಮಾರು 7 ಮಿ.ಗ್ರಾಂ. ಹಲ್ಲು ಕೀಳುವಾಗ ಕೊಡುವ ಶೇ. 2ರ ಲಿಗ್ನೊಕೇನ್ 2 ಮಿ.ಲೀ. ಎಂದರೆ 40 ಮಿ.ಗ್ರಾಂ. 50 ಕಿಲೋ ತೂಗುವವರಿಗೆ ಅದು ಮಿತಿಗಿಂತ ಎಷ್ಟೋ ಕೆಳಗೆ. ಹಾಗಾಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹೆದರಬೇಕಿಲ್ಲ. ಎಪ್ಟಾಯಿನ್ ನುಂಗುವವರಲ್ಲಿ ಹಲವರಿಗೆ ವಸಡು ದಪ್ಪವಾಗುತ್ತದೆ, ಅವರು ಹಲ್ಲಿನ ಡಾಕ್ಟರನ್ನು ಆಗಾಗ ಕಾಣುವುದೇ ಒಳ್ಳೆಯದು. ಚಿಕ್ಕ ಮಕ್ಕಳ ತೂಕ ಕಡಿಮೆಯಾದ್ದರಿಂದ ಅವರ ವಿಷಯದಲ್ಲಿ ಲೆಕ್ಕ ಬಿಗಿಯಾಗಿರಬೇಕು.

ಆಪರೇಷನ್ ಆದ ಮೇಲೆ ಬರೆಯುವ ಮದ್ದುಗಳು

ಜನ ಮತ್ತಿನ ಮದ್ದಿಗೆ ಹೆದರುತ್ತಾರೆ, ಆಮೇಲೆ ಬರೆದುಕೊಡುವ ನೋವಿನ ಮಾತ್ರೆಯನ್ನು ನೋಡದೆ ನುಂಗುತ್ತಾರೆ. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ.

ಟ್ರಮಡಾಲ್: ನೋವಿಗೆ ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ಪ್ಯಾರಸಿಟಮಾಲ್ ಜೊತೆ ಸೇರಿಸಿದ ಮಾತ್ರೆಯಾಗಿಯೂ ಬರುವುದರಿಂದ ಹೆಸರಿನಲ್ಲಿ ಗುರುತು ಸಿಗುವುದಿಲ್ಲ. ಇದು ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಇನ್ನೂ ಹೆಚ್ಚು. ಫಿಟ್ಸ್ ಇರುವವರು ಇದರ ಬದಲು ಬೇರೆ ನೋವಿನ ಮದ್ದು ಕೇಳಿಕೊಳ್ಳಬೇಕು.

ಪೆಥಿಡಿನ್: ದೇಹದಲ್ಲಿ ಇದು ಒಡೆದಾಗ ಹುಟ್ಟುವ ನಾರ್‌ಪೆಥಿಡಿನ್ ಮೆದುಳನ್ನು ಕೆರಳಿಸುತ್ತದೆ. ಕಿಡ್ನಿ ಕೆಲಸ ಕಡಿಮೆಯಿದ್ದರೆ ಅದು ರಕ್ತದಲ್ಲಿ ಶೇಖರವಾಗುತ್ತದೆ. ಸಾಮಾನ್ಯ ಪ್ರಮಾಣದ ಫೆಂಟನಿಲ್, ಮಾರ್ಫಿನ್‌ಗಳಿಂದ ಈ ತೊಂದರೆ ಇಲ್ಲ.

ಆಂಟಿಬಯೋಟಿಕ್‌ಗಳು: ಇಮಿಪೆನೆಮ್, ಸೆಫೆಪಿಮ್, ಸಿಪ್ರೊಫ್ಲಾಕ್ಸಾಸಿನ್ ಫಿಟ್ಸ್ ಪ್ರಚೋದಿಸಬಲ್ಲವು. ಮೆರೊಪೆನೆಮ್ ಕೊಟ್ಟರೆ ವಾಲ್ಪ್ರೊಯೇಟ್ ಮದ್ದಿನ ಅಂಶ ರಕ್ತದಲ್ಲಿ ಒಂದೆರಡು ದಿನದಲ್ಲೇ ಕುಸಿಯುತ್ತದೆ. ವಾಲ್ಪರಿನ್, ಎನ್‌ಕೊರೇಟ್ ನುಂಗುವವರ ಮನೆಯವರು ಇದನ್ನು ನೆನಪಿನಲ್ಲಿಡಬೇಕು.

ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನು ಹೃದಯದ ಆಪರೇಷನ್‌ಗಳಲ್ಲಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಫಿಟ್ಸ್ ಬಂದದ್ದುಂಟು. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್‌ನಿಂದ ಕೆಲವರಿಗೆ ಕತ್ತು, ಕಣ್ಣು ಒಂದು ಕಡೆ ತಿರುಚಿಕೊಳ್ಳುತ್ತವೆ. ನೋಡಿದವರು ಅದನ್ನು ಫಿಟ್ಸ್ ಎಂದುಕೊಳ್ಳುತ್ತಾರೆ, ಆದರೆ ಅದು ಬೇರೆ ತೊಂದರೆ.

ಫಿಟ್ಸ್ ಬರಲು ಸಾಮಾನ್ಯ ಕಾರಣಗಳು

ತಪ್ಪಿದ ಮಾತ್ರೆ: "ಬೆಳಿಗ್ಗೆ ಏನೂ ಬಾಯಿಗೆ ಹಾಕಬೇಡಿ" ಎಂದು ನರ್ಸ್ ಹೇಳಿದರೆ ನಮ್ಮವರು ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಸಾಮಾನ್ಯ ನಿಯಮವೆಂದರೆ ಊಟ ತಿಂಡಿ 6 ಗಂಟೆ ಮುಂಚೆ ನಿಲ್ಲಬೇಕು, ಬರೀ ನೀರು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಫಿಟ್ಸಿನ ಮಾತ್ರೆಯನ್ನು ಬೆಳಿಗ್ಗೆ ಎಂದಿನ ಹೊತ್ತಿಗೆ ಒಂದು ಗುಟುಕು ನೀರಿನಲ್ಲಿ ನುಂಗುವುದೇ ವಾಡಿಕೆ. "ಫಿಟ್ಸಿನ ಮಾತ್ರೆ ಎಷ್ಟು ಹೊತ್ತಿಗೆ ಕೊಡಬೇಕು?" ಎಂದು ಹಿಂದಿನ ದಿನವೇ ಅರಿವಳಿಕೆ ತಜ್ಞರನ್ನು ಕೇಳಿ ಬರೆಸಿಕೊಳ್ಳಿ. ಆಪರೇಷನ್ ಆದ ಮೇಲೂ ಹೊಟ್ಟೆಗೆ ಕೊಡುವಂತಿಲ್ಲದಿದ್ದರೆ ಎಪ್ಟಾಯಿನ್, ವಾಲ್ಪ್ರೊಯೇಟ್, ಲೆವೆಟಿರಸೆಟಾಮ್, ಲಕೊಸಮೈಡ್, ಗಾರ್ಡೆನಾಲ್ ಇವು ಇಂಜೆಕ್ಷನ್ ರೂಪದಲ್ಲೂ ಸಿಗುತ್ತವೆ. ಟೆಗ್ರಿಟಾಲ್‌ನಂಥ ಕಾರ್ಬಮಜೆಪಿನ್ ಮಾತ್ರೆಗೆ ಇಂಜೆಕ್ಷನ್ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ ಬದಲಿ ಏನೆಂದು ಮೊದಲೇ ತೀರ್ಮಾನವಾಗಬೇಕು.

ನಿದ್ದೆಗೆಟ್ಟ ಪ್ರಯಾಣ: ನಮ್ಮ ಸದಸ್ಯರಲ್ಲಿ ಅನೇಕರು ದೊಡ್ಡ ಆಪರೇಷನ್ನಿಗೆ ಮಂಗಳೂರು, ಬೆಂಗಳೂರು, ಕೊಯಮತ್ತೂರು, ಪುಣೆ, ಹೈದರಾಬಾದ್ ಎಂದು ದೂರ ಹೋಗಬೇಕು. ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ನೇರವಾಗಿ ಆಸ್ಪತ್ರೆಗೆ ಹೋಗುವುದು ಫಿಟ್ಸ್ ಇರುವವರಿಗೆ ಒಳ್ಳೆಯದಲ್ಲ. ಒಂದು ದಿನ ಮುಂಚೆ ತಲುಪಿ ಮಲಗಲು ಏರ್ಪಾಡು ಮಾಡಿಕೊಳ್ಳಿ.

ತಲೆಗೆ ಬಿಸಿನೀರು: ಚಾಮರಾಜನಗರ, ಮೈಸೂರು ಕಡೆ, ಅದರಲ್ಲೂ ಯಳಂದೂರಿನ ಸುತ್ತ, ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಹೆಚ್ಚಾಗಿ ಕಂಡುಬಂದಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಪಕ್ಕದ ತಾಳವಾಡಿಯ ಸದಸ್ಯರೂ ಇದನ್ನು ತಿಳಿದಿರುವುದು ಒಳ್ಳೆಯದು. ಆಪರೇಷನ್ ದಿನ ಶುಚಿಯಾಗಿರಬೇಕೆಂದು ಮುಂಜಾನೆ ತಲೆಸ್ನಾನ ಮಾಡುವುದು ನಮ್ಮ ವಾಡಿಕೆ. ಈ ತೊಂದರೆ ಇರುವವರು ತಲೆಗೆ ಬಿಸಿನೀರು ಬಿಟ್ಟು ಉಗುರುಬೆಚ್ಚನೆಯ ನೀರಲ್ಲಿ ಮೈಸ್ನಾನ ಮಾಡಲಿ. "ಅದು ಸ್ನಾನದಲ್ಲಿ ಮಾತ್ರ ಬರುವುದು, ಕಾಯಿಲೆಯಲ್ಲ" ಎಂದು ಬಿಟ್ಟುಬಿಡದೆ ಡಾಕ್ಟರಿಗೆ ಹೇಳಿ. ಸ್ನಾನಕ್ಕೆ ಮುಂಚೆ ಫ್ರಿಸಿಯಮ್ ನುಂಗುವವರು ಅದನ್ನೂ ಹೇಳಬೇಕು.

ಕುಡಿತ: ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವುದುಂಟು. ನಾಚಿಕೆಪಟ್ಟು ಮುಚ್ಚಿಡಬೇಡಿ. ಮೊದಲೇ ತಿಳಿದಿದ್ದರೆ ಅದನ್ನು ತಡೆಯುವ ಮದ್ದು ಕೊಡುತ್ತಾರೆ.

ರಕ್ತದ ಲವಣಾಂಶ: ಸೋಡಿಯಂ ಇಳಿದರೆ, ಸಕ್ಕರೆ ಇಳಿದರೆ ಫಿಟ್ಸ್ ಬರಬಹುದು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್ ಮಾತ್ರೆಗಳು ಸೋಡಿಯಂ ಇಳಿಸುವ ಸ್ವಭಾವದವು. ವಾಲ್ಪ್ರೊಯೇಟ್ ಕೆಲವರಲ್ಲಿ ಪ್ಲೇಟ್‌ಲೆಟ್ ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದು ನಿಧಾನವಾಗಬಹುದು. ಆಪರೇಷನ್ನಿಗೆ ಮುಂಚಿನ ರಕ್ತ ಪರೀಕ್ಷೆಯಲ್ಲಿ ಇವನ್ನೂ ನೋಡಬೇಕು ಎಂದು ತಜ್ಞರು ಹೇಳುವುದು ಇದಕ್ಕೆ.

ನಿಮ್ಮ ಮಾತ್ರೆ, ಅವರ ಲೆಕ್ಕ

ಎಪ್ಟಾಯಿನ್, ಟೆಗ್ರಿಟಾಲ್, ಗಾರ್ಡೆನಾಲ್‌ಗಳನ್ನು ವರ್ಷಗಟ್ಟಲೆ ನುಂಗಿದವರ ಯಕೃತ್ತು ಮದ್ದುಗಳನ್ನು ಬೇಗ ಬೇಗ ಒಡೆಯುತ್ತದೆ. ಹೀಗಾಗಿ ವೆಕುರೋನಿಯಂ, ರೋಕುರೋನಿಯಂನಂಥ ಸ್ನಾಯು ಸಡಿಲಿಸುವ ಮದ್ದು ಇವರಿಗೆ ಬೇಗ ಇಳಿದುಹೋಗುತ್ತದೆ, ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಆಪರೇಷನ್ ಮಧ್ಯದಲ್ಲಿ ಇದು ಅನಿರೀಕ್ಷಿತವಾಗಿ ಎದುರಾಗಬಾರದು ಎಂದರೆ ಮಾತ್ರೆಯ ಹೆಸರು ಅವರ ಕೈಯಲ್ಲಿರಬೇಕು. ಕೀಟೋಜೆನಿಕ್ ಆಹಾರದಲ್ಲಿರುವ ಮಕ್ಕಳಿಗೆ ಸಕ್ಕರೆಯ ಡ್ರಿಪ್ ಹಾಕಿದರೆ ಆ ಆಹಾರದ ಫಲವೇ ಹೋಗುತ್ತದೆ. ಅದನ್ನೂ ಮೊದಲೇ ಹೇಳಬೇಕು. ಹೆಸರು ಗೊತ್ತಿಲ್ಲದ ನಾಟಿ ಪುಡಿ, ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ ತೋರಿಸಿ.

ಗಡಿಯಲ್ಲಿ ಮಾತಿನ ತೊಡಕು

ನಾವು ಕನ್ನಡದಲ್ಲಿ "ಮೂರ್ಛೆ" ಎನ್ನುವಾಗ ಎರಡು ಅರ್ಥ: ಸುಮ್ಮನೆ ಪ್ರಜ್ಞೆ ತಪ್ಪುವುದು, ಫಿಟ್ಸ್ ಬರುವುದು. ಗಡಿ ದಾಟಿದರೆ ಈ ಗೊಂದಲ ಇನ್ನೂ ಹೆಚ್ಚು. ಹೊಸೂರು, ನೀಲಗಿರಿಯ ಆಸ್ಪತ್ರೆಯಲ್ಲಿ ತಮಿಳು ವೈದ್ಯರಿಗೆ "ಮೂರ್ಚ್ಛೈ" ಎಂದರೆ ತಲೆಸುತ್ತಿ ಬೀಳುವುದಷ್ಟೆ. ಫಿಟ್ಸಿಗೆ ಅವರ ಮಾತು "ವಲಿಪ್ಪು". ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯಲ್ಲಿ ಮರಾಠಿಯ "ಮೂರ್ಚ್ಛಾ" ಕೂಡ ಪ್ರಜ್ಞೆ ತಪ್ಪುವುದೇ. ಕಾಯಿಲೆಗೆ ಅಲ್ಲಿ "ಅಪಸ್ಮಾರ", "ಮಿರ್ಗಿ" ಎನ್ನುತ್ತಾರೆ, ಮಕ್ಕಳಿಗೆ ಬಂದರೆ "ಆಕಡಿ". ಅರಿವಳಿಕೆ ತಜ್ಞರು ಅಲ್ಲಿ "ಭೂಲತಜ್ಞ". ಕಾಸರಗೋಡು, ವಯನಾಡಿನ ಮಲಯಾಳಂನಲ್ಲಿ "ಅಪಸ್ಮಾರಂ". ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ತೆಲುಗಿನಲ್ಲಿ "ಮೂರ್ಛ" ಎಂದರೆ ಕಾಯಿಲೆಯೇ ಆಗಬಹುದು. ಎಲ್ಲ ಕಡೆ ಅರ್ಥವಾಗುವ ಪದ "ಫಿಟ್ಸ್". ಅದನ್ನೇ ಬಳಸಿ.

ಮುಚ್ಚಿಡಬೇಡಿ

ಫಿಟ್ಸ್ ವಿಷಯ ಮುಚ್ಚಿಡಲು ನಮ್ಮಲ್ಲಿ ಮುಖ್ಯ ಕಾರಣ ಮದುವೆ. ಸೊಸೆಗೆ ಮದುವೆಗೆ ಮುಂಚೆ ಫಿಟ್ಸ್ ಬರುತ್ತಿತ್ತು ಎಂಬುದು ತವರಿನವರಿಗೆ ಮಾತ್ರ ಗೊತ್ತು. ಹೆರಿಗೆಯ ಹೊತ್ತಿನಲ್ಲಿ ಪ್ರಶ್ನೆ ಕೇಳುವಾಗ ಪಕ್ಕದಲ್ಲಿ ಅತ್ತೆ ಇರುತ್ತಾರೆ. ಆಕೆ "ಏನೂ ಇಲ್ಲ" ಎನ್ನುತ್ತಾಳೆ, ಕದ್ದು ನುಂಗುತ್ತಿದ್ದ ಮಾತ್ರೆಯೂ ಆಸ್ಪತ್ರೆಯಲ್ಲಿ ನಿಂತುಹೋಗುತ್ತದೆ. ಜೀವಕ್ಕೆ ಕುತ್ತು ಬರುವುದು ಹೀಗೆ.

ಇಂಥ ಮನೆಗಳು ತಿಳಿಯಬೇಕಾದ ಎರಡು ಮಾತಿವೆ. ಒಂದು, ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯೆಂದು ಇದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಎರಡು, ವೈದ್ಯರೊಂದಿಗೆ ಒಬ್ಬಂಟಿಯಾಗಿ ಮಾತಾಡಬೇಕು ಎಂದು ಕೇಳುವ ಹಕ್ಕು ನಿಮಗಿದೆ, ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. "ಡಾಕ್ಟರೇ, ಒಂದು ನಿಮಿಷ ಒಬ್ಬರೇ ಮಾತಾಡಬೇಕು" ಎಂದರೆ ಸಾಕು. ಐದಾರು ವರ್ಷದಿಂದ ಫಿಟ್ಸ್ ಬಂದಿಲ್ಲ, ಮಾತ್ರೆ ನಿಲ್ಲಿಸಿ ಆಗಿದೆ ಎನ್ನುವವರೂ ಹೇಳಬೇಕು.

ಗರ್ಭಿಣಿಯರಲ್ಲಿ ಬಿಪಿ ಏರಿ ಬರುವ ಫಿಟ್ಸ್ ಬೇರೆ. ಅದಕ್ಕೆ ಮೊದಲ ಮದ್ದು ಮೆಗ್ನೀಸಿಯಂ ಸಲ್ಫೇಟ್. ಮೂರ್ಛೆರೋಗ ಮೊದಲೇ ಇತ್ತೋ ಇಲ್ಲವೋ ಎಂಬುದು ಗೊತ್ತಿದ್ದರೆ ಮಾತ್ರ ಎರಡನ್ನೂ ಬೇರ್ಪಡಿಸಿ ನೋಡಲು ಸುಲಭ. ಮೂರ್ಛೆರೋಗ ಇರುವ ಗರ್ಭಿಣಿಗೆ ಸಿಸೇರಿಯನ್ ಆಗುವುದಾದರೆ ಬೆನ್ನಿನ ಇಂಜೆಕ್ಷನ್ ಕೊಡಬಹುದು.

ಎಚ್ಚರವಾಗುವಾಗ ಮತ್ತು ಮನೆಗೆ ಬಂದ ಮೇಲೆ

ಆಪರೇಷನ್ ಮುಗಿದು ಹೊರಗೆ ತಂದಾಗ ಮೈ ಗಡಗಡ ನಡುಗುವುದು ಸಾಮಾನ್ಯ. ಅದು ಚಳಿಯ ನಡುಕ, ಆಗ ಕರೆದರೆ ಸ್ಪಂದಿಸುತ್ತಾರೆ. ಫಿಟ್ಸ್ ಆದರೆ ಸಾಮಾನ್ಯವಾಗಿ ಪ್ರಜ್ಞೆ ಇರುವುದಿಲ್ಲ, ಕಣ್ಣು ಮೇಲೆ ಅಥವಾ ಪಕ್ಕಕ್ಕೆ ತಿರುಗಿರಬಹುದು. ಅನುಮಾನ ಬಂದರೆ ನರ್ಸ್‌ಗೆ ತಕ್ಷಣ ಹೇಳಿ.

ಮನೆಯಲ್ಲಿ ಬಂದರೆ ಒಂದು ಪಕ್ಕಕ್ಕೆ ಮಲಗಿಸಿ, ಹೊಲಿಗೆ ಹಾಕಿದ ಜಾಗಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಕೈಗೆ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಆಗುವುದಿಲ್ಲ. 5 ನಿಮಿಷದಲ್ಲಿ ನಿಲ್ಲದಿದ್ದರೆ, ಅಥವಾ ನಡುವೆ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ. ನಮ್ಮ ಸದಸ್ಯರಿರುವ ಎಲ್ಲ ರಾಜ್ಯಗಳಲ್ಲೂ ಆಂಬುಲೆನ್ಸ್‌ಗೆ ಇದೇ ಸಂಖ್ಯೆ. ಮೂಗಿಗೆ ಹಾಕುವ ಮಿಡಜೊಲಾಮ್ ಸ್ಪ್ರೇಯನ್ನು ಡಾಕ್ಟರು ಬರೆದುಕೊಟ್ಟಿದ್ದರೆ ಬಳಸಿ.

ಜೇಬಿನಲ್ಲಿಡಬೇಕಾದ ಚೀಟಿ

ಕೆಳಗಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಆಸ್ಪತ್ರೆಯ ಫೈಲಿನ ಮೇಲೇ ಅಂಟಿಸಿ. ಊರಿನ ಡಾಕ್ಟರ ಅಥವಾ ಮೇಷ್ಟ್ರ ಸಹಾಯ ಪಡೆದು ಇಂಗ್ಲಿಷಿನಲ್ಲಿ ಬರೆಸಿದರೆ ಯಾವ ರಾಜ್ಯದಲ್ಲೂ ನಡೆಯುತ್ತದೆ.

1. ಹೆಸರು, ವಯಸ್ಸು, ತೂಕ.
2. ಫಿಟ್ಸ್ ಯಾವ ವರ್ಷದಿಂದ, ಹೇಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ.
3. ಕೊನೆಯ ಸಲ ಬಂದ ದಿನ.
4. ಏನಾದರೆ ಬರುತ್ತದೆ: ನಿದ್ದೆಗೇಡು, ಜ್ವರ, ಬಿಸಿನೀರು, ಮುಟ್ಟಿನ ದಿನಗಳು.
5. ಪ್ರತಿ ಮಾತ್ರೆಯ ಹೆಸರು, ಎಷ್ಟು ಮಿ.ಗ್ರಾಂ, ಯಾವ ಹೊತ್ತಿಗೆ. ಖಾಲಿ ಪಟ್ಟಿಯನ್ನೂ ಜೊತೆಗಿಡಿ, ಏಕೆಂದರೆ ಒಂದೇ ಮದ್ದಿಗೆ ಬೇರೆ ಬೇರೆ ಕಂಪನಿಯ ಹೆಸರುಗಳಿರುತ್ತವೆ.
6. ಹಿಂದೆ ಅರಿವಳಿಕೆ ಪಡೆದಿದ್ದರೆ ಆಗ ಏನಾಯಿತು.
7. ಅಲರ್ಜಿ, ಬೇರೆ ಕಾಯಿಲೆ.
8. ನೋಡುತ್ತಿರುವ ನರರೋಗ ತಜ್ಞರ ಫೋನ್ ಸಂಖ್ಯೆ.

ಕನಿಷ್ಠ ಒಂದು ವಾರಕ್ಕಾಗುವಷ್ಟು ಮಾತ್ರೆ ಕೈಯಲ್ಲೇ ಇಟ್ಟುಕೊಂಡು ಹೊರಡಿ. ನೀವು ನುಂಗುವ ಕಂಪನಿಯ ಮಾತ್ರೆ ಪರ ಊರಿನ ಅಂಗಡಿಯಲ್ಲಿ ಆ ಕ್ಷಣಕ್ಕೆ ಸಿಗದೇ ಹೋಗಬಹುದು.

ಆಸ್ಪತ್ರೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರೇ: ಬೆಳಿಗ್ಗೆಯ ಮಾತ್ರೆ ಎಷ್ಟು ಹೊತ್ತಿಗೆ? ಬಾಯಿಗೆ ಕೊಡಲಾಗದಿದ್ದರೆ ಬದಲಿ ಏನು? ನೋವಿಗೆ ಬರೆದ ಮಾತ್ರೆಯಲ್ಲಿ ಟ್ರಮಡಾಲ್ ಇದೆಯೇ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ಮನೆಯವರು ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದು ಮುಗಿದಂತೆ.

ಈ ಲೇಖನವನ್ನು ನಿಮ್ಮ ಊರಿನ ಘಟಕದ ಸಭೆಯಲ್ಲಿ ಓದಿ ಹೇಳಿ, ಓದಲು ಬಾರದ ಹಿರಿಯರಿಗೂ ತಿಳಿಸಿ. ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ನಮ್ಮವರಲ್ಲಿ ಯಾರೂ ಬೇಕಾದ ಆಪರೇಷನ್ ತಪ್ಪಿಸಿಕೊಳ್ಳದಿರಲಿ, ಯಾರೂ ಅದನ್ನು ಮುಚ್ಚಿಟ್ಟು ಆಪರೇಷನ್ ಕೋಣೆಗೆ ಹೋಗದಿರಲಿ ಎಂಬುದು ನಮ್ಮ ಕೋರಿಕೆ.